ಸಕ್ಕರೆ ಆನೆ, ಉಪ್ಪಿನ ಗುಡಾಣ

ಮಾಕವಳ್ಳಿ
11 ಜನವರಿ 2025, ಶನಿವಾರ

ಮಧ್ಯಾಹ್ನವೆಲ್ಲ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಕೆಲಸ. ಮರದ ಅಚ್ಚುಗಳನ್ನು ರಾತ್ರಿಯೇ ನೀರಿಗೆ ಹಾಕಿದ್ದೆ. ಒಣ ಮರಕ್ಕೆ ಪಾಕ ಹುಯ್ದರೆ ಬಸವನ ಕೊಂಬು ಅಚ್ಚಿನಲ್ಲೇ ಉಳಿದುಬಿಡುತ್ತದೆ. ಸಕ್ಕರೆ ಕರಗಿಸಿ, ಹಾಲು ಬಿಟ್ಟು, ಕೊಳೆ ಮೇಲೆ ಬಂದ ಮೇಲೆ ಬಟ್ಟೆಯಲ್ಲಿ ಸೋಸಿ, ಒಂದೊಂದು ಸೌಟಿನಷ್ಟನ್ನೇ ಪುಟ್ಟ ಬಾಣಲೆಗೆ ತೆಗೆದು, ಎರಡು ಹನಿ ನಿಂಬೆರಸ ಹಿಂಡಿ, ಕೈ ಬಿಡದೆ ತಿರುವಬೇಕು. ಪಾಕ ಬೆಳ್ಳಗೆ ಮಬ್ಬಾಗುವ ಗಳಿಗೆಗೇ ಹುಯ್ಯಬೇಕು. ಮುಂಚೆ ಹುಯ್ದರೆ ಸಂದಿಯಲ್ಲಿ ಸೋರುತ್ತದೆ, ತಡವಾದರೆ ಬಾಣಲೆಯಲ್ಲೇ ಕಲ್ಲು. ಒಲೆ ಮುಂದೆ ಅತ್ತೆಮ್ಮ. ಅಚ್ಚಿಗೆ ದಾರ ಸುತ್ತುವುದು, ಬಿಚ್ಚುವುದು ನನ್ನ ಪಾಲು. ಊರಲ್ಲೇ ಸಕ್ಕರೆ ಕಾರ್ಖಾನೆ ಇದ್ದರೂ ಹಬ್ಬದ ಸಕ್ಕರೆ ಬಂದದ್ದು ಕೆ.ಆರ್. ಪೇಟೆಯ ಅಂಗಡಿಯಿಂದ.

ತಮ್ಮನ ಮಗ ಹಬ್ಬಕ್ಕೆಂದು ತೈವಾನಿನಿಂದ ಬಂದಿದ್ದಾನೆ. ಶಿಂಚು ಎಂಬ ಊರಿನಲ್ಲಿ ಚಿಪ್ ಕಂಪನಿಯ ಕೆಲಸ. ನನಗೆ ಎರಡು ಪುಸ್ತಕ ತಂದಿದ್ದಾನೆ. ಒಂದರಲ್ಲಿ ಬರೀ ಚಿತ್ರ: ಚೀನಾದ ಉಳುಮೆ ಮತ್ತು ರೇಷ್ಮೆ ಕೆಲಸದ ಹಳೆಯ ಚಿತ್ರಗಳು. ಇನ್ನೊಂದು ಸಾಂಗ್ ಯಿಂಗ್‌ಶಿಂಗ್ ಎಂಬವನು 1637ರಲ್ಲಿ ಅಚ್ಚು ಹಾಕಿಸಿದ ‘ತಿಯೆನ್‌ಗುಂಗ್ ಕಾಯ್‌ವು’ ಗ್ರಂಥದ ಇಂಗ್ಲಿಷ್ ಅನುವಾದ. ಬತ್ತ, ರೇಷ್ಮೆ, ಬಣ್ಣ, ಉಪ್ಪು, ಸಕ್ಕರೆ, ಪಿಂಗಾಣಿ, ಕಬ್ಬಿಣ, ಕಾಗದ, ಹೀಗೆ ಮನುಷ್ಯ ಕೈಯಲ್ಲಿ ಮಾಡುವ ಕೆಲಸವೆಲ್ಲ ಅದರಲ್ಲಿದೆ, ಜೊತೆಗೆ ಮರದ ಹಲಗೆಯಲ್ಲಿ ಕೆತ್ತಿ ಒತ್ತಿದ ಚಿತ್ರಗಳು.

ಹುಡುಗ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, “ಅತ್ತೆ, ನೀವ್ ಮಾಡ್ತಿರೋದು ಇದರಲ್ಲೈತೆ ಕಣತ್ತೆ” ಅಂದ. ನಂಬಲಿಲ್ಲ. ಓದಿ ಹೇಳಿದ. ಸಿಂಹ, ಆನೆಗಳ ಸಕ್ಕರೆ ಅಚ್ಚು ಅಲ್ಲಿಯೂ ಎರಡು ಹೋಳು. ಪಾಕವನ್ನು ಸೌಟಿನಲ್ಲಿ ಹುಯ್ದವರು ಕೂಡಲೇ ಅಚ್ಚನ್ನು ಬೋರಲು ಹಾಕಿ ಹೊರಕ್ಕೆ ಚೆಲ್ಲುತ್ತಾರಂತೆ. ಅಚ್ಚು ತಣ್ಣಗೆ, ಪಾಕ ಬಿಸಿ. ಒಳಮೈಗೆ ಒಂದು ಪೊರೆ ಸಕ್ಕರೆ ಹಿಡಿದು ಗಟ್ಟಿಯಾಗುತ್ತದೆ. ಬಿಡಿಸಿದರೆ ಒಳಗೆ ಟೊಳ್ಳಿರುವ ಆನೆ. ದೊಡ್ಡ ಔತಣಗಳಲ್ಲಿ ಇಡುತ್ತಿದ್ದರಂತೆ.

“ಟೊಳ್ಳಾ?” ಅತ್ತೆಮ್ಮ ಸೌಟು ನಿಲ್ಲಿಸಿದರು. “ಅಂಗಾರೆ ಕೇಜಿ ಸಕ್ರೇಲಿ ಎಷ್ಟ್ ಆನೆ ಎದ್ದಾತು! ಬುದ್ವಂತ್ರು ಕಣ್ಲಾ.” ನಮ್ಮ ಆನೆ ಗಟ್ಟಿ. ಎಳ್ಳಿನ ಜೊತೆ ಬೀರಿದರೆ ಮಕ್ಕಳು ದಿನವೆಲ್ಲ ಸೊಂಡಿಲು ಚೀಪಬಹುದು. ಅವರದು ನೋಡಲು, ನಮ್ಮದು ಬೀರಲು ಅಂತ ನನ್ನ ಲೆಕ್ಕ. ಕಲ್ಲುಸಕ್ಕರೆ ಮಾಡುವಾಗ ಅವರು ಕೊಳೆ ತೆಗೆಯುವುದು ಮೊಟ್ಟೆಯ ಬಿಳಿಯಿಂದ ಎಂದು ಹುಡುಗ ಓದಿದ್ದೇ ತಡ, ಅತ್ತೆಮ್ಮ ಮುಖ ಸಿಂಡರಿಸಿದರು. ಕೋಳಿ ತಿನ್ನುವ ಮನೆಯೇ ನಮ್ಮದು. ಆದರೂ ಹಬ್ಬದ ಸಕ್ಕರೆಗೆ ಮೊಟ್ಟೆಯೆ!

ಅದೇ ಅಧ್ಯಾಯದಲ್ಲಿ ಕಬ್ಬಿನ ಗಾಣದ ಚಿತ್ರವಿದೆ. ನೆಟ್ಟಗೆ ನಿಂತ ಎರಡು ಮರದ ಉರುಳೆ, ಒಂದರ ತಲೆಗೆ ಬಾಗಿದ ಉದ್ದನೆಯ ಮರ, ಅದನ್ನೆಳೆಯುವ ಎತ್ತು, ಉರುಳೆಗಳ ನಡುವೆ ಕಬ್ಬು ಕೊಡುವ ಆಳು. ಮೂರು ಸಲ ಹಿಂಡಿ ಸಿಪ್ಪೆಯನ್ನು ಉರಿಗೆ ಹಾಕಬೇಕು, ಕಬ್ಬಿನ ಹಾಲಿಗೆ ಸುಣ್ಣ ಬೆರೆಸಬೇಕು ಎಂದಿದೆ. ಈಗ ನಮ್ಮ ಸೀಮೆಯ ಆಲೆಮನೆಗಳಲ್ಲಿ ಎಲ್ಲ ಮೋಟಾರಿನ ಗಾಣ. ಎತ್ತಿನ ಗಾಣ ಕಂಡವರು ಮನೆಯಲ್ಲಿ ಅತ್ತೆಮ್ಮ ಒಬ್ಬರೇ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಎತ್ತಿನ ಕಣ್ಗೆ ಬಟ್ಟೆ ಕಟ್ಟಿಲ್ವಲ್ಲ, ತಲೆ ತಿರುಗ್ ಬೀಳ್ತದೆ” ಅಂದರು. ಮುನ್ನೂರೆಂಬತ್ತು ವರ್ಷಗಳಲ್ಲಿ ಈ ಆಕ್ಷೇಪ ಯಾರೂ ಎತ್ತಿರಲಾರರು.

ಸಕ್ಕರೆ ಕಾಯಿಸುವ ವಿದ್ಯೆ ಅಲ್ಲಿಗೆ ಹೋದದ್ದು ಇಲ್ಲಿಂದಲೇ. 647ರ ಸುಮಾರಿಗೆ ತಾಂಗ್ ವಂಶದ ದೊರೆ ತಾಯ್‌ಜುಂಗ್ ಇದನ್ನು ಕಲಿತು ಬರಲಿಕ್ಕೆಂದೇ ಮಗಧಕ್ಕೆ ಜನ ಕಳಿಸಿದ್ದ. ಕಲಿಸಿದವರು ನಾವು. ಚಿತ್ರ ಬರೆದು ಪುಸ್ತಕ ಮಾಡಿಟ್ಟವರು ಅವರು.

14 ಜನವರಿ, ಮಂಗಳವಾರ

ಹಬ್ಬ ಆಯಿತು. ಎಳ್ಳು ಬೀರಿ ಬರುವಷ್ಟರಲ್ಲಿ ಕಾಲು ಸೋತವು. ಸಂಜೆ ಕಿಚ್ಚು ಹಾಯಿಸಿದರು. ನಮ್ಮ ಬೀದಿಯಲ್ಲಿ ಟ್ರ್ಯಾಕ್ಟರು ಹೆಚ್ಚಾಗಿ ಎತ್ತು ಕಡಿಮೆ. ಹಸುಗಳೇ ಬೆಂಕಿ ದಾಟಿದವು. ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕಿ ಬಂದು ಮಲಗುವಾಗ ಹನ್ನೊಂದು ದಾಟಿತ್ತು.

ಮಲಗಿಯೂ ಸಾಂಗ್ ಯಿಂಗ್‌ಶಿಂಗನೇ ತಲೆಯಲ್ಲಿ. ರಾಜಧಾನಿಯ ದೊಡ್ಡ ಪರೀಕ್ಷೆಗೆ ಮತ್ತೆ ಮತ್ತೆ ಕೂತು ಪಾಸಾಗದೆ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಸಣ್ಣ ನೌಕರಿಯಲ್ಲಿದ್ದವನು. ಸರ್ಕಾರಿ ಬಡ್ತಿಗೂ ಈ ಪುಸ್ತಕಕ್ಕೂ ಸಂಬಂಧವೇ ಇಲ್ಲ, ಮೇಲೇರುವ ಆಸೆಯಿದ್ದವರು ಇದನ್ನು ಆಚೆಗಿಡಲಿ ಎಂಬರ್ಥದ ಮಾತನ್ನು ಮುನ್ನುಡಿಯಲ್ಲೇ ಬರೆದಿದ್ದಾನೆ. ಆಚೆಗಿಟ್ಟೂಬಿಟ್ಟರು. ಚೀನಾದಲ್ಲಿ ಬಹುಕಾಲ ಅದು ಸಿಗದೇ ಹೋಗಿ, 1771ರಲ್ಲಿ ಜಪಾನಿನಲ್ಲಿ ಅಚ್ಚಾದ ಪ್ರತಿಯಿಂದ ಮತ್ತೆ ಬದುಕಿತು. ಕೆಪಿಎಸ್‌ಸಿ ಓದುತ್ತ ಬೆಂಗಳೂರಿನ ರೂಮುಗಳಲ್ಲಿ ವಯಸ್ಸು ಕಳೆಯುತ್ತಿರುವ ನಮ್ಮೂರ ಹುಡುಗರಿಗೆ ಈ ಮುನ್ನುಡಿ ಓದಿಸಬೇಕು.

17 ಜನವರಿ, ಶುಕ್ರವಾರ

ಹುಳು ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತಿದೆ. ಸೊಪ್ಪು ಹಾಕುವಂತಿಲ್ಲವಾದ್ದರಿಂದ ಹಗಲು ಬಿಡುವು ಸಿಕ್ಕಿತು. ಜಗಲಿಯಲ್ಲಿ ಅತ್ತೆಮ್ಮನನ್ನು ಕೂರಿಸಿಕೊಂಡು ಚಿತ್ರದ ಪುಸ್ತಕ ಬಿಚ್ಚಿದೆ.

ಇದರ ಕತೆ ದೊಡ್ಡದು. 1130ರ ದಶಕದಲ್ಲಿ ಹಾಂಗ್‌ಜೌ ಹತ್ತಿರದ ಯುಚಿಯೆನ್ ತಾಲ್ಲೂಕಿಗೆ ಲೋ ಷೋ ಎಂಬ ಅಧಿಕಾರಿ ಇದ್ದ. ನಮ್ಮ ಲೆಕ್ಕದಲ್ಲಿ ತಹಶೀಲ್ದಾರ ಅನ್ನಬಹುದು. ಬಿತ್ತನೆ ಬತ್ತ ನೆನೆಹಾಕುವುದರಿಂದ ಕಣಜ ತುಂಬುವವರೆಗೆ 21 ಚಿತ್ರ, ಹುಳುವಿನ ಮೊಟ್ಟೆ ತೊಳೆಯುವುದರಿಂದ ನೇಯ್ದ ಬಟ್ಟೆ ಕತ್ತರಿಸುವವರೆಗೆ 24 ಚಿತ್ರ ಬರೆದು, ಒಂದೊಂದಕ್ಕೂ ಒಂದು ಪದ್ಯ ಸೇರಿಸಿ ದೊರೆ ಗಾವ್‌ಜುಂಗನಿಗೆ ಒಪ್ಪಿಸಿದ. ಅವನ ಕೈಯ ಮೂಲ ಚಿತ್ರಗಳು ಉಳಿದಿಲ್ಲ. ಪ್ರತಿಯ ಮೇಲೆ ಪ್ರತಿಯಾಗುತ್ತ ಬಂದವು. ನನ್ನ ಕೈಲಿರುವುದು 1696ರಲ್ಲಿ ಕಾಂಗ್‌ಶಿ ದೊರೆ ಮಾಡಿಸಿದ ಅಚ್ಚಿನ ಚಿತ್ರಗಳು. ಬರೆದವನು ಆಸ್ಥಾನದ ಜಿಯಾವ್ ಬಿಂಗ್‌ಜೆನ್. ಅವನು ಖಗೋಳ ಇಲಾಖೆಯಲ್ಲಿದ್ದವನು, ಯುರೋಪಿನ ಪಾದ್ರಿಗಳ ಒಡನಾಟದಲ್ಲಿ ದೂರದ್ದನ್ನು ಚಿಕ್ಕದಾಗಿ ಬರೆಯುವ ಪದ್ಧತಿ ಕಲಿತವನು. ಗದ್ದೆಯ ಬದುಗಳು ಹಿಂದೆ ಹಿಂದೆ ಹೋಗುತ್ತ ಕಿರಿದಾಗುವುದು ಅದರಿಂದ. ದೊರೆ ತಾನೂ ಪ್ರತಿ ಚಿತ್ರಕ್ಕೆ ಪದ್ಯ ಬರೆದ. ಈ ಅಚ್ಚಿನಲ್ಲಿ ಚಿತ್ರಗಳು ಒಟ್ಟು 46.

ಅತ್ತೆಮ್ಮ ಮೊದಲು ನಕ್ಕದ್ದು ನಾಟಿಯ ಚಿತ್ರಕ್ಕೆ. “ಗಂಡಸ್ರು ನಾಟಿ ಹಾಕ್ತಾವ್ರೆ! ಹೆಣ್ಣಾಳು ಒಂದೂ ಕಾಣ್ನಿಲ್ವಲ್ಲ.” ಹೌದು, ಸಾಲಾಗಿ ಬಗ್ಗಿದವರೆಲ್ಲ ಗಂಡಸರು. ನಮ್ಮಲ್ಲಿ ನಾಟಿ ಗದ್ದೆಗೆ ಗಂಡಸು ಇಳಿಯುವುದು ಸಸಿಯ ಕಂತೆ ಎಸೆಯಲು. ಉಳುವುದಕ್ಕೆ ಒಂದೇ ಕೋಣ, ಜೋಡಿ ಇಲ್ಲ. ನೊಗ ಕೊಕ್ಕೆಯ ಹಾಗೆ ಬಾಗಿ ಅದೊಂದರ ಹೆಗಲ ಮೇಲೆ ಕೂತಿದೆ. ನೀರೆತ್ತುವ ಚಿತ್ರದಲ್ಲಿ ಮರದ ಹಲಗೆಗಳನ್ನು ಸರಪಳಿಯಂತೆ ಪೋಣಿಸಿದ ಯಂತ್ರ. ಅಡ್ಡಮರಕ್ಕೆ ಕೈಯೂರಿ ನಿಂತವರು ತುಳಿಯುತ್ತಿದ್ದಾರೆ, ತುಳಿದಂತೆ ಕಾಲುವೆಯ ನೀರು ಮೇಲಿನ ಗದ್ದೆಗೆ ಏರುತ್ತದೆ. ಇತ್ತ ಏತವೂ ಇದೆ. ಏತ ಕಂಡು ಅತ್ತೆಮ್ಮನಿಗೆ ನೆಂಟರು ಸಿಕ್ಕಷ್ಟು ಖುಷಿ.

ಸುಮಾರು ನೋಡಿದ ಮೇಲೆ ಪುಸ್ತಕ ನನ್ನ ಕಡೆ ತಳ್ಳಿದರು. “ಚೆಂದಾಗೈತೆ. ಆದ್ರೆ ಒಬ್ರ್ ಮೈಮ್ಯಾಲೂ ಕೆಸರಿಲ್ಲ.”

ಸರಿಯಾದ ಮಾತು. ಇದು ಆಳುವವನು ನೋಡಬಯಸಿದ ಹಳ್ಳಿ. ಬೆಳೆ ಕೈತಪ್ಪುವುದಿಲ್ಲ, ಯಾರೂ ಜಗಳವಾಡುವುದಿಲ್ಲ, ಮಕ್ಕಳೆಲ್ಲ ಗುಂಡಗಿದ್ದಾರೆ. ಲೋ ಷೋ ಮಾತ್ರ ಪದ್ಯದಲ್ಲಿ ಸುಳ್ಳು ಹೇಳಿಲ್ಲ. ಕಣಜ ತುಂಬುವ ಕೊನೆಯ ಪದ್ಯದಲ್ಲಿ ಕಂದಾಯದ ಗುಮಾಸ್ತರು ಎಡತಾಕುವುದೂ, ಸರ್ಕಾರದ ಪಾಲು ಕೊಟ್ಟು ಮುಗಿದ ಮೇಲೆ ಮನೆಯ ಮಗು ಅನ್ನಕ್ಕೆ ಅಳುವುದೂ ಬರುತ್ತದೆ. ಚಿತ್ರದಲ್ಲಿ ಬರೀ ಕಣಜ. ತಾಲ್ಲೂಕು ಕಚೇರಿಯಲ್ಲಿ ಕೂತವನಿಗೆ ಬರೆಯಲು ಎದೆಗಾರಿಕೆ ಇತ್ತು, ಆಸ್ಥಾನದ ಚಿತ್ರಗಾರನಿಗೆ ಬಿಡಿಸಲು ಇರಲಿಲ್ಲ ಅನ್ನಿಸುತ್ತದೆ.

ಇನ್ನೊಂದು ತಮಾಷೆ ಹುಡುಗ ಫೋನಿನಲ್ಲಿ ತೋರಿಸಿದ. ಕಾಂಗ್‌ಶಿಯ ಮಗ ಯಿನ್‌ಜೆನ್ (ಮುಂದೆ ಯೊಂಗ್‌ಜೆಂಗ್ ದೊರೆಯಾದವನು) ಇದೇ ಚಿತ್ರಗಳನ್ನು ಮತ್ತೆ ಬರೆಸಿ, ರೈತನ ಮುಖದ ಜಾಗಕ್ಕೆ ತನ್ನ ಮುಖವನ್ನೂ ಹುಳು ಸಾಕುವವಳ ಜಾಗಕ್ಕೆ ತನ್ನ ಹೆಂಡತಿಯ ಮುಖವನ್ನೂ ಹಾಕಿಸಿದನಂತೆ. ಅಪ್ಪನ ಮೆಚ್ಚುಗೆಗೆ. ನಮ್ಮ ಮನೆಯವರು ಇಷ್ಟು ಹೊತ್ತು ಸುಮ್ಮನಿದ್ದವರು, “ಗದ್ದೆಗಿಳಿದು ಫೋಟೋ ಹೊಡೆಸ್ಕೊಳೋದು ಮಂಡ್ಯದೋರು ಕಂಡುಹಿಡಿದಿದ್ದು ಅನ್ಕೊಂಡಿದ್ದೆ” ಅಂದರು.

19 ಜನವರಿ, ಭಾನುವಾರ

ಹುಡುಗನ ಜೊತೆ ಹೊಸಹೊಳಲಿಗೆ. ಲಕ್ಷ್ಮೀನಾರಾಯಣನ ಗುಡಿಗೆ ಎಷ್ಟೋ ಸಲ ಹೋಗಿದ್ದೇನೆ, ಕೈ ಮುಗಿದು ಬಂದಿದ್ದೇನೆ. ಈ ಸಲ ಹೋದದ್ದು ನೇಗಿಲು ಹುಡುಕಲು.

1250ರ ಹೊತ್ತಿನ ಗುಡಿ, ವೀರ ಸೋಮೇಶ್ವರನ ಕಾಲ. ಆಚೆ ಚೀನಾದಲ್ಲಿ ಸಾಂಗ್ ವಂಶದ ಕೊನೆಯ ಕಾಲ. ಲೋ ಷೋನ ಮೊಮ್ಮಕ್ಕಳು ತಾತನ ಪದ್ಯಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಲವತ್ತು ವರ್ಷವಾಗಿತ್ತು. ತಳದ ಪಟ್ಟಿಗಳನ್ನು ಕೆಳಗಿನಿಂದ ನೋಡುತ್ತ ಸುತ್ತು ಬಂದೆವು. ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ರಥಗಳಿವೆ, ಬಾಣಗಳಿವೆ, ಕುಣಿಯುವವರು, ಮದ್ದಳೆ ಬಾರಿಸುವವರು. ಒಂದಂಗುಲ ಕಲ್ಲನ್ನೂ ಸುಮ್ಮನೆ ಬಿಟ್ಟಿಲ್ಲ. ಉಳುವವನು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಶಿಲ್ಪದಲ್ಲಿ ನೇಗಿಲು ಹಿಡಿದವನೆಂದರೆ ಬಲರಾಮ, ಅದೂ ಉಳಲಿಕ್ಕಲ್ಲ. ಬೆಣ್ಣೆ ಕಡೆಯುವವಳು ಯಶೋದೆ, ದನ ಕಾಯುವವನು ಕೃಷ್ಣ. ದೇವರ ಕತೆಗೆ ಬೇಕಾದಷ್ಟು ಮಾತ್ರ ಹಳ್ಳಿಯ ಕೆಲಸ ಗೋಡೆಯ ಮೇಲೆ ಬಂದಿದೆ.

ಹುಡುಗ ವಾದಕ್ಕೆ ನಿಂತ. “ಇದು ಗುಡಿ ಅತ್ತೆ. ಅದು ಸರ್ಕಾರದ ಪುಸ್ತಕ. ಹೋಲಿಸೋದು ಸರೀನಾ?” ಪೂರ್ತಿ ಸರಿಯಲ್ಲ. ಆದರೂ ಗುಡಿಗೆ ಗದ್ದೆ ಬಿಟ್ಟ ಶಾಸನಗಳು ಈ ಸೀಮೆಯಲ್ಲಿ ಎಷ್ಟಿವೆ! ಗದ್ದೆಯ ನಾಲ್ಕೂ ಎಲ್ಲೆಯನ್ನು ಅಕ್ಷರದಲ್ಲಿ ಕೊರೆಯಲು ಬೇಸರವಾಗಲಿಲ್ಲ, ಅದನ್ನು ಉತ್ತವನನ್ನು ಒಂದು ಗೇಣು ಎತ್ತರ ಕಡೆಯಲು ಕಲ್ಲು ಸಾಲಲಿಲ್ಲವೆ? ದನಕ್ಕಾಗಿ ಸತ್ತವರಿಗೆ ವೀರಗಲ್ಲು ಉಂಟು. ಅಲ್ಲಿ ದನಗಳೂ ಇರುತ್ತವೆ. ಸಾಯದೆ ಸುಮ್ಮನೆ ದುಡಿದವರಿಗೆ ಕಲ್ಲಿಲ್ಲ.

ಒಂದು ವಿಷಯದಲ್ಲಿ ನಮ್ಮವರೇ ಮೇಲು. ಹೊಯ್ಸಳ ಶಿಲ್ಪಿಗಳು ವಿಗ್ರಹದ ಅಡಿಯಲ್ಲಿ ಹೆಸರು ಹಾಕಿದ್ದಾರೆ. ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಮಲ್ಲಿತಮ್ಮನ ಹೆಸರು ಓದಬಹುದು. ಚೀನಾದ ಪಿಂಗಾಣಿಯ ಅಡಿಯಲ್ಲಿ ಸಾಮಾನ್ಯವಾಗಿ ಇರುವುದು ದೊರೆಯ ಕಾಲದ ಮೊಹರು. ಜಿಂಗ್‌ದೆಜೆನ್ ಊರಿನಲ್ಲಿ ಒಂದು ಬಟ್ಟಲು ತಯಾರಾಗುವಷ್ಟರಲ್ಲಿ 72 ಕೈ ದಾಟುತ್ತದೆ ಎಂದು ಸಾಂಗ್ ಯಿಂಗ್‌ಶಿಂಗ್ ಲೆಕ್ಕ ಕೊಟ್ಟಿದ್ದಾನೆ. ಅಷ್ಟು ಕೈಗಳಲ್ಲಿ ಯಾರ ಹೆಸರು ಹಾಕುವುದು? ಮಣ್ಣು ತುಳಿದವನದೋ, ಅಂಚಿನ ಗೆರೆ ಎಳೆದವನದೋ? ಅದರ ಮೇಲಿನ ನೀಲಿ ಕೂಡ ಮೊದಮೊದಲು ಪರ್ಷಿಯದ ಕಡೆಯಿಂದ ಬಂದ ಕೋಬಾಲ್ಟ್. ಉಳುಮೆಯ ಚಿತ್ರಗಳು ಕಾಂಗ್‌ಶಿಯ ಕಾಲದ ತಟ್ಟೆ, ಹೂಜಿಗಳ ಮೇಲೂ ಬಂದವು. ಇಂಗ್ಲೆಂಡಿನ ಶ್ರೀಮಂತರು ಗೋಡೆಗೆ ಅಂಟಿಸಲು ಕ್ಯಾಂಟನ್ನಿನಿಂದ ತರಿಸುತ್ತಿದ್ದ ಕಾಗದದ ಮೇಲೂ.

ಬರುವಾಗ ಪೇಟೆಯಲ್ಲಿ ಹುಳು ಮನೆಗೆ ಬೇಕಾದ ಸುಣ್ಣ ತಂದೆವು.

21 ಜನವರಿ, ಮಂಗಳವಾರ

ನಾಲ್ಕನೇ ಜ್ವರ. ಹುಡುಗ ತೈಪೆಯ ಅರಮನೆ ವಸ್ತುಸಂಗ್ರಹಾಲಯದ ಫೋಟೋಗಳನ್ನು ತೋರಿಸಿದ. ಜನ ಸಾಲುಗಟ್ಟಿ ನಿಲ್ಲುವುದು ಒಂದು ಕೋಸಿಗಂತೆ. ಜೇಡ್ ಕಲ್ಲಿನಲ್ಲಿ ಕಡೆದ ಚೀನೀ ಕೋಸು, ಗೇಣುದ್ದವೂ ಇಲ್ಲ. ಕಲ್ಲಿನ ಬಿಳಿ ಭಾಗ ದಂಟಾಗಿದೆ, ಹಸಿರು ಭಾಗ ಎಲೆಯಾಗಿದೆ, ಎಲೆಯ ಮೇಲೆ ಎರಡು ಮಿಡತೆ. ಕಲ್ಲಿನ ಬಣ್ಣ ಎಲ್ಲಿ ತಿರುಗುತ್ತದೋ ಅಲ್ಲಿಯೇ ದಂಟನ್ನು ಎಲೆಯಾಗಿ ತಿರುಗಿಸಿದ ಕೈಗೆ ದೊಡ್ಡ ನಮಸ್ಕಾರ. ಮಿಡತೆ ಮಕ್ಕಳ ಭಾಗ್ಯದ ಸಂಕೇತವಂತೆ. ಕೋಸಿಗೆ ಹುಳ ಕೂರಿಸಿ ಸಂತೋಷಪಡುವುದು ಅರಮನೆಯಲ್ಲಿ ಮಾತ್ರ ಸಾಧ್ಯ. ನಮಗದು ಔಷಧಿಯ ಖರ್ಚು.

ಈ ಕೋಸೂ ಬೀಜಿಂಗಿನ ಅರಮನೆಯದೇ. 1933ರಲ್ಲಿ ಜಪಾನೀ ಸೇನೆ ಹತ್ತಿರ ಬಂದಾಗ ಪೆಟ್ಟಿಗೆಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಿದ ಐಶ್ವರ್ಯದಲ್ಲಿ ಒಂದು ಪಾಲು 1948–49ರಲ್ಲಿ ಹಡಗೇರಿ ತೈವಾನಿಗೆ ಬಂತು. ಈ ಅಕ್ಟೋಬರಿಗೆ ಆ ಸಂಸ್ಥೆಗೆ ನೂರು ವರ್ಷ.

24 ಜನವರಿ, ಶುಕ್ರವಾರ

ಹುಳು ಜ್ವರ ಎದ್ದು ಎರಡು ದಿನ. ಇನ್ನು ಅದರ ಹಸಿವಿಗೆ ಮಿತಿಯಿಲ್ಲ. ಹುಳು ಮನೆಯೊಳಗೆ ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆಯಂತೆ. ರಾತ್ರಿ ಚಳಿ ಹೆಚ್ಚಿದೆ, ಹೀಟರ್ ಹಾಕಿದ್ದೇವೆ.

ರೇಷ್ಮೆಯ ಚಿತ್ರಗಳನ್ನು ಇವತ್ತು ನೋಡಿದೆ, ಒಬ್ಬಳೇ. ಬತ್ತದ್ದನ್ನು ಅತ್ತೆಮ್ಮನಿಗೆ ಬಿಟ್ಟೆ, ಇದು ನನ್ನ ಇಲಾಖೆ. ಅಲ್ಲಿ ಗದ್ದೆ ಗಂಡಸರದಾದರೆ ಹುಳು ಮನೆ ಹೆಂಗಸರದು. ಮರ ಹತ್ತಿ ಸೊಪ್ಪು ಕೊಯ್ಯಲು ಗಂಡಸರು ಬರುತ್ತಾರೆ. ಅವರ ಹಿಪ್ಪುನೇರಳೆ ಮರವಾಗಿ ಬೆಳೆದದ್ದು, ನಮ್ಮ ಕಡ್ಡಿ ಸೊಪ್ಪಿನ ಹಾಗಲ್ಲ. ಒಳಗೆ ತಟ್ಟೆ ಇಳಿಸುವುದು, ಸೊಪ್ಪು ಹಾಕುವುದು, ಹುಳು ಬಿಡಿಸಿ ಅಗಲ ಮಾಡುವುದು ಎಲ್ಲ ಹೆಂಗಸರ ಕೈ. ದೀಪ ಹಿಡಿದು ರಾತ್ರಿ ಎದ್ದವಳಿದ್ದಾಳೆ. ಅವಳನ್ನು ನೋಡಿ ಪುಟ ತಿರುವಲು ಮನಸ್ಸಾಗಲಿಲ್ಲ.

ಒಂದು ಸಂಗತಿ ವಿಚಿತ್ರ ಅನ್ನಿಸಿ ಮತ್ತೆ ಮತ್ತೆ ಎಣಿಸಿದೆ. ಅವರ ಹುಳುವಿಗೆ ಮೂರೇ ಜ್ವರ. ಎರಡನೆಯದರ, ಮೂರನೆಯದರ ಚಿತ್ರವಿದೆ, ಆಮೇಲೆ ದೊಡ್ಡ ಏಳುವಿಕೆ. ನಾಲ್ಕನೆಯ ಚಿತ್ರವಿಲ್ಲ. ಬರೆದವನು ಮರೆತದ್ದಲ್ಲ, ಸಾಂಗ್ ಕಾಲದಲ್ಲಿ ಆ ಸೀಮೆಯಲ್ಲಿ ಸಾಕುತ್ತಿದ್ದ ತಳಿಗಳಲ್ಲಿ ಮೂರು ಜ್ವರದವು ಇದ್ದವು. ಕೆಲವು ದಿನ ಮುಂಚೆಯೇ ಗೂಡು ಕಟ್ಟುವ ಹುಳು! ಗೂಡು ಚಿಕ್ಕದಿರಬೇಕು. ಗೂಡು ಕಟ್ಟಲು ಮಾಗಿದ ಹಣ್ಣು ಹುಳುಗಳನ್ನು ಅವರು ಬಿಡುವುದು ಹುಲ್ಲಿನ ಕಂತೆಗಳ ಮೇಲೆ, ನಮ್ಮ ಹಾಗೆ ಬಿದಿರಿನ ಚಂದ್ರಿಕೆ ಇಲ್ಲ. ಅದರ ಕೆಳಗೆ ಬೆಂಕಿಯ ಕುಂಡ ಇಡುವ ಚಿತ್ರವೂ ಉಂಟು. ಗೂಡು ಕಟ್ಟುವಾಗ ಶಾಖ ಬೇಕು, ತೇವ ಆರಬೇಕು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೂ ಅದೇ ಚಿಂತೆ.

ನೂಲು ಬಿಚ್ಚುವವಳ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಕುದಿಯುವ ನೀರಿನ ಕೊಪ್ಪರಿಗೆ, ಮುಂದೆ ರಾಟೆ, ಕಾಲಿನಲ್ಲಿ ತುಳಿಯುವ ಹಲಗೆ. ಮುಖ ಶಾಂತವಾಗಿದೆ, ಸೆರಗು ಜಾರಿಲ್ಲ. ಶಿಡ್ಲಘಟ್ಟದಲ್ಲಿ ರೀಲಿಂಗ್ ಮಾಡುವವರ ಮನೆಗೆ ಒಮ್ಮೆ ಹೋಗಿದ್ದೆ. ಆ ಹೆಂಗಸರ ಬೆರಳ ತುದಿ ಬೆಂದು ಬಿಳುಚಿ ಸುಲಿದಿದ್ದವು. ಸತ್ತ ಹುಳುವಿನ ವಾಸನೆಗೆ ನನಗೆ ಎರಡು ದಿನ ಊಟ ಸೇರಲಿಲ್ಲ. ಅಂಥ ಬೆರಳನ್ನು ಯಾವ ಆಸ್ಥಾನದ ಚಿತ್ರಗಾರನೂ ಬರೆಯಲಾರ. ಬರೆದರೆ ರೇಷ್ಮೆ ಉಡುವುದು ಹೇಗೆ?

ಆದರೂ ಈ ಚಿತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಕೆಲಸದ ಕ್ರಮ ತಪ್ಪಿಲ್ಲ. ಯಾವುದರ ನಂತರ ಯಾವುದು, ತಟ್ಟೆ ಯಾವ ಎತ್ತರದಲ್ಲಿರಬೇಕು, ಯಾರು ಎಲ್ಲಿ ನಿಲ್ಲಬೇಕು ಎಲ್ಲ ಸರಿಯಾಗಿದೆ. ಯಾರೋ ನಿಂತು ನೋಡಿದ್ದಾರೆ. ನಿಂತು ನೋಡುವಷ್ಟು ಘನತೆ ಈ ಕೆಲಸಕ್ಕೆ ಉಂಟೆಂದು ಒಪ್ಪಿದ್ದಾರೆ. ನನಗೆ ಇದುವರೆಗೆ ಸಿಕ್ಕ ಹುಳು ಸಾಕಣೆಯ ಚಿತ್ರಗಳೆಂದರೆ ಇಲಾಖೆಯ ಕರಪತ್ರದವು. ಅವುಗಳಲ್ಲಿ ಹುಳು ದೊಡ್ಡದು, ಮನುಷ್ಯರಿಲ್ಲ.

26 ಜನವರಿ, ಭಾನುವಾರ

ಹುಡುಗ ಹೊರಟ. ಶ್ರೀರಂಗಪಟ್ಟಣದಲ್ಲಿ ಅವನನ್ನು ಬೆಂಗಳೂರಿನ ಗಾಡಿ ಹತ್ತಿಸುವ ಮುಂಚೆ ದರಿಯಾ ದೌಲತ್ ನೋಡಿಕೊಂಡೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಹೊರಗೋಡೆಯ ತುಂಬ ಪೊಲ್ಲಿಲೂರಿನ ಯುದ್ಧ: ಸಾಲು ಸಾಲು ಕುದುರೆ, ಮುರಿದ ಆಂಗ್ಲ ಸೈನ್ಯದ ಚೌಕ, ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ದಂಡನಾಯಕ ಬೇಯ್ಲಿ. ಇನ್ನೊಂದು ಗೋಡೆಯಲ್ಲಿ ನವಾಬರು, ಪಾಳೆಯಗಾರರು. ನನಗೆ ಇಷ್ಟವಾದ ಗೋಡೆ ಇದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿಯೂ ಉಳುವವನಿಲ್ಲ, ಹುಳು ಸಾಕುವವಳಿಲ್ಲ. ನಮ್ಮ ಸೀಮೆಗೆ ರೇಷ್ಮೆ ಹಚ್ಚಿದವನು ಇದೇ ಟಿಪ್ಪು. 1786ರ ಅವನ ಪತ್ರವೊಂದರಲ್ಲಿ ಬಂಗಾಳಕ್ಕೆ ರೇಷ್ಮೆ ಹುಳು ತರಲು ಹೋದ ಇಬ್ಬರು ಹಿಂದಿರುಗುತ್ತಿದ್ದಾರೆ, ಹುಳುಗಳನ್ನು ಎಲ್ಲಿ ಇಡಬೇಕು, ಎಷ್ಟು ಹಿಪ್ಪುನೇರಳೆ ಬೆಳೆಸಬೇಕು ಎಂಬೆಲ್ಲ ಮಾತು ಬರುತ್ತದೆ. ಹೋದವರಲ್ಲಿ ಒಬ್ಬನ ಹೆಸರು ಕಸ್ತೂರಿ ರಂಗ. ಬುಟ್ಟಿಯಲ್ಲಿ ಹುಳು ಹೊತ್ತು ಬಂಗಾಳದಿಂದ ಪಟ್ಟಣಕ್ಕೆ ಬಂದ ಕಸ್ತೂರಿ ರಂಗನನ್ನು ಈ ಗೋಡೆಯ ಒಂದು ಮೂಲೆಯಲ್ಲಾದರೂ ಬರೆಸಬಹುದಿತ್ತಲ್ಲ ದೊರೆ.

ಹುಡುಗ ಅಂದ: “ಬರೆಸಿದ್ರೂ ಉಳೀತಿತ್ತು ಅಂತ ಏನ್ ಗ್ಯಾರಂಟಿ ಅತ್ತೆ?” ಚಿಯೆನ್‌ಲುಂಗ್ ದೊರೆ ತನ್ನ ಯುವಾನ್‌ಮಿಂಗ್‌ಯುವಾನ್ ಅರಮನೆಯಲ್ಲಿ ಉಳುಮೆ ಮತ್ತು ನೇಯ್ಗೆಯ ಹಳೆಯ ಸುರುಳಿಗಳನ್ನು ಇರಿಸಿ, 1769ರಲ್ಲಿ ಅವನ್ನು ಕಲ್ಲಿನಲ್ಲೂ ಕೆತ್ತಿಸಿದ್ದ. ಸುರುಳಿಗಳ ಮೇಲೆ ಖಾಲಿ ಕಂಡಲ್ಲೆಲ್ಲ ತನ್ನ ಪದ್ಯ, ತನ್ನ ಮೊಹರು; ಆ ದೊರೆಗೆ ಈ ಚಟ ಬಹಳ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನಿಕರು ಆ ಅರಮನೆಯನ್ನು ದೋಚಿದರು, ಬ್ರಿಟಿಷರು ಸುಟ್ಟರು. ಆ ಸುರುಳಿಗಳು ಈಗ ವಾಷಿಂಗ್ಟನ್ನಿನ ಫ್ರಿಯರ್ ಗ್ಯಾಲರಿಯಲ್ಲಿವೆ; ಉಳಿದ ಕಲ್ಲುಗಳು ಬೀಜಿಂಗಿನಲ್ಲಿ. ಶ್ರೀರಂಗಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1799ರಲ್ಲಿ ಇಲ್ಲಿ ಲೂಟಿಯಾದ ಟಿಪ್ಪುವಿನ ಮರದ ಹುಲಿ ಲಂಡನ್ನಿನಲ್ಲಿ ಇನ್ನೂ ಬಿಳಿಯ ಸಿಪಾಯಿಯ ಕತ್ತು ಕಚ್ಚಿಕೊಂಡೇ ಇದೆ.

30 ಜನವರಿ, ಗುರುವಾರ

ಹುಳು ಹಣ್ಣಾಯಿತು. ಬೆಳಗಿನಿಂದ ಹಣ್ಣು ಹುಳು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ. ಆಳುಗಳಿಗೆ ಅನ್ನ ಸಾರು, ನನಗೆ ನಿಂತೇ ಊಟ. ಹುಡುಗ ಫೋನ್ ಮಾಡಿದ್ದ. ನಿನ್ನೆ ಅಲ್ಲಿ ಹೊಸ ವರ್ಷ, ಹಾವಿನ ವರ್ಷವಂತೆ. ಬಾಗಿಲಿಗೆ ಕೆಂಪು ಕಾಗದ ಅಂಟಿಸುತ್ತಾರೆ, ಕಿಟಕಿಗೆ ಕತ್ತರಿಯಲ್ಲಿ ಕತ್ತರಿಸಿದ ಕೆಂಪು ಚಿತ್ರ. ಆ ಕಾಗದದ ಕೆಲಸ ಹೆಚ್ಚಾಗಿ ಹಳ್ಳಿ ಹೆಂಗಸರದೇ ಎಂದು ಹೇಳಿ, ನಮ್ಮ ಹೊಸಲಿನ ರಂಗೋಲಿಯ ಫೋಟೋ ಕಳಿಸಿ ಅಂದ. ಕಳಿಸಲಿಲ್ಲ, ಇವತ್ತು ಹಾಕಿದ್ದು ಬರೀ ನಾಲ್ಕು ಗೆರೆ.

5 ಫೆಬ್ರವರಿ, ಬುಧವಾರ

ನಿನ್ನೆ ರಥಸಪ್ತಮಿ. ಹೇಮಗಿರಿ ಕಡೆ ಹೋಗಬೇಕೆಂದಿದ್ದೆ, ಆಗಲಿಲ್ಲ. ಇವತ್ತು ಗೂಡು ಬಿಡಿಸಿದೆವು. ಜೋಡಿ ಗೂಡು, ಕರೆ ಗೂಡು, ತೆಳು ಗೂಡು ಬೇರೆ ಮಾಡುತ್ತ ಕೂತಾಗ ಗೂಡು ಆರಿಸುವ ಚಿತ್ರ ನೆನಪಾಗಿ ಪುಸ್ತಕ ತರಿಸಿದೆ. ಅದರ ಮುಂದಿನ ಚಿತ್ರದ ಹತ್ತಿರ ಕೈ ನಿಂತಿತು. ಗೂಡುಗಳನ್ನು ಗುಡಾಣಕ್ಕೆ ತುಂಬುತ್ತಿದ್ದಾರೆ. ಒಂದು ಪದರ ಗೂಡು, ಎಲೆ, ಉಪ್ಪು, ಮತ್ತೆ ಒಂದು ಪದರ ಗೂಡು. ಬಾಯಿಗೆ ಮಣ್ಣು ಮೆತ್ತುತ್ತಾರೆ. 1149ರಲ್ಲಿ ಚೆನ್ ಫು ಬರೆದ ಕೃಷಿ ಪುಸ್ತಕದಲ್ಲೂ ಈ ವಿಧಾನ ಇದೆಯಂತೆ. ಒಳಗಿನ ಹುಳು ಸಾಯುತ್ತದೆ, ಚಿಟ್ಟೆಯಾಗಿ ಗೂಡು ತೂತು ಮಾಡುವುದಿಲ್ಲ. ನೂಲು ಬಿಚ್ಚುವವಳು ತನಗೆ ಬಿಡುವಾದಾಗ ಬಿಚ್ಚಬಹುದು.

ಇದನ್ನು ಮನೆಯವರಿಗೆ ತೋರಿಸಿದೆ. ಅವರು ಚಿತ್ರ ನೋಡಲಿಲ್ಲ, ಗುಡಾಣ ನೋಡಿದರು. “ಅಂಗಾದ್ರೆ ರೇಟ್ ಬರಗಂಟ ಮನೇಲೇ ಇಡ್ಬೌದಿತ್ತು ಅನ್ನು.”

ಅಷ್ಟೇ ವಿಷಯ. ನಮ್ಮ ಗೂಡು ಜೀವಂತ ಹೋಗಬೇಕು. ಬಿಡಿಸಿದ ಮೇಲೆ ದಿನ ಎಣಿಸುತ್ತ ರಾಮನಗರ ಸೇರಬೇಕು, ಅಲ್ಲಿ ಹರಾಜಿನ ಬೆಲೆ ಬೋರ್ಡಿನ ಮೇಲೆ ಬಂದದ್ದನ್ನು ಒಪ್ಪಬೇಕು. ವಾಪಸ್ ತಂದರೆ ಚಿಟ್ಟೆ ಏಳುತ್ತದೆ. ಅಲ್ಲಿಯ ದೊಡ್ಡ ರೀಲಿಂಗ್ ಘಟಕಗಳಲ್ಲಿ ಈಗ ಚೀನಾದಿಂದ ತಂದ ಆಟೋಮ್ಯಾಟಿಕ್ ಯಂತ್ರಗಳು. ಚೀನಾದ ರೇಷ್ಮೆ ಬಂದಿತೆಂಬ ಸುದ್ದಿಗೆ ನಮ್ಮ ಗೂಡಿನ ಬೆಲೆ ಇಳಿಯುವುದನ್ನೂ ಕಂಡಿದ್ದೇವೆ. ಬರಬೇಕಾದ ಉಪ್ಪಿನ ಗುಡಾಣ ಮಾತ್ರ ಬರಲಿಲ್ಲ.

ಅತ್ತೆಮ್ಮ ಒಳಗಿನಿಂದ ಕೂಗಿದರು, “ಉಪ್ಪಿನಕಾಯಿ ಜಾಡಿ ಖಾಲಿ ಐತೆ, ತಂದ್ ಕೊಡ್ಲಾ?” ಕರೆ ಗೂಡು ಒಂದು ಹಿಡಿ ಎತ್ತಿಟ್ಟಿದ್ದೇನೆ. ವ್ಯಾನಿನವನು ಬೆಳಗಿನ ಜಾವ ಮೂರಕ್ಕೇ ಬರುತ್ತಾನಂತೆ. ಈ ಸಲ ನಾನೂ ಹೋಗುತ್ತೇನೆ.